ಎರಡು ಹೆಸರಿನ ನಾವು

(ಮೂಡಿಗೆರೆ ಕಡೆಯ ಸಭೆಯೊಂದರಲ್ಲಿ ಆಡಿದ ಮಾತು)



ನಾವು ಬಿ.ಎ. ಓದಿದವರು, ಪದ್ಯ ಬರೆಯೋರು. ಕಳಸ, ಮೂಡಿಗೆರೆ ಸೀಮೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಹುಟ್ಟಿದವರು. ನಮಗೆ ಎರಡೆರಡು ಹೆಸರು. ಪ್ರಾರ್ಥನೆಗೆ ಒಂದು, ಅರ್ಜಿ ಫಾರಂಗೆ ಇನ್ನೊಂದು. ಡಿಸೆಂಬರಿನಲ್ಲಿ ನಮ್ಮ ಅವ್ವಂದಿರು ಬಾಗಿಲಿಗೆ ಕಾಗದದ ನಕ್ಷತ್ರ ಕಟ್ತಾರೆ. ಜಾತಿ ಸರ್ಟಿಫಿಕೇಟಿನ ವಿಚಾರಣೆಗೆ ಜನ ಬರ್ತಾರೆ ಅಂತ ಗೊತ್ತಾದರೆ ಅದನ್ನ ಬಿಚ್ಚಿ ಚಾಪೆ ಕೆಳಗೆ ಇಡ್ತಾರೆ. ನಮ್ಮ ನೌಕರಿ ಆಸೆಗೆ ಅವ್ವ ತನ್ನ ದೇವರನ್ನ ಬಚ್ಚಿಡಬೇಕು.

ಇದು ಸುಳ್ಳಲ್ಲವೇ ಅಂತೀರಿ. ಸುಳ್ಳೇ. ಆದರೆ ಈ ಸುಳ್ಳನ್ನ ನಮಗೆ ಕಲಿಸಿದ್ದು ಯಾವುದು?

1950ರ ಪರಿಶಿಷ್ಟ ಜಾತಿಗಳ ಆದೇಶ. ಅದರ 3ನೇ ಪ್ಯಾರಾ ಅನ್ಯಧರ್ಮಕ್ಕೆ ಹೋದ ದಲಿತರನ್ನ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಕ್ಕೆ ಬಿಟ್ಟರು. ಅದು ನ್ಯಾಯವೇ. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಕರ್ನಾಟಕ ನಮಗೆ ಹಿಂದುಳಿದವರ ಪ್ರವರ್ಗ-1ರಲ್ಲಿ ಜಾಗ ಕೊಟ್ಟಿದೆ, ನಿಜ. ಆದರೆ ಜಾತಿ ಎತ್ತಿ ಬೈದು ಹೊಡೆದರೆ, ಯೇಸು ಅಂದವನಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಹೊಡೆಯೋ ಕೈ ಧರ್ಮ ಕೇಳಿ ಹೊಡೆಯುತ್ತಾ?

ಆ ಪ್ಯಾರಾ ತೆಗೀರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. ತೆಗೀಲಿಲ್ಲ. 2024ರಲ್ಲಿ, ಪುದುಚೇರಿಯಲ್ಲಿ ಗುಮಾಸ್ತೆ ಕೆಲಸ ಬಯಸಿದ ಹೆಣ್ಣುಮಗಳೊಬ್ಬಳ ಮೊಕದ್ದಮೆಯಲ್ಲಿ, ಕ್ರೈಸ್ತ ನಂಬಿಕೆ ಇಟ್ಟುಕೊಂಡು ಮೀಸಲಾತಿಗಾಗಿ ಮಾತ್ರ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ಮೋಸ ಅಂತ ಸುಪ್ರೀಂ ಕೋರ್ಟು ಹೇಳಿತು. ನಮಗೆ ಮೋಸ ಮಾಡೋದು ಬೇಡ. ಮೋಸ ಮಾಡದೆ ಬದುಕೋ ದಾರಿ ಬೇಕು.

ಪರದೇಶಿ ದೇವರು ಅಂತಾರೆ. ಗೆಳೆಯರೇ, ಕಾಫಿ ಬೀಜವನ್ನ ಬಾಬಾಬುಡನ್ ಯೆಮೆನ್‌ನಿಂದ ತಂದರು ಅಂತ ಈ ಗಿರಿಯ ಜನವೇ ಹೇಳ್ತಾರೆ. ಆ ಗಿಡ ಇವತ್ತು ಈ ನಾಡಿನ ಹೆಮ್ಮೆ. ಅದರ ಬುಡಕ್ಕೆ ಬೆವರು ಬಸಿದ ನಾವು ಮಾತ್ರ ಪರದೇಶಿಗಳೋ?

ಚರ್ಚಿನವರಿಗೂ ಒಂದು ಮಾತು. ಧಣಿ ಕ್ರೈಸ್ತ, ಆಳೂ ಕ್ರೈಸ್ತ. ಇಬ್ಬರಿಗೂ ಒಂದೇ ರೊಟ್ಟಿ. ಮದುವೆ ಮಾತು ಬಂದಾಗ ಮಾತ್ರ ಜಾತಿ ನೆನಪಾಗುತ್ತೆ. ದೇವರ ಮನೆಯಲ್ಲಿ ಜಾತಿ ಇಟ್ಟುಕೊಂಡು ಸರ್ಕಾರವನ್ನ ಕೇಳೋಕೆ ನಾಲಿಗೆ ಬರಬಾರದು.

ಇನ್ನು ನಮ್ಮ ಅಣ್ಣಂದಿರು. ನೀವೂ ಬಂದರೆ ನಮ್ಮ ಪಾಲು ಕಮ್ಮಿಯಾಗುತ್ತೆ ಅಂತೀರಿ. ಆ ಭಯ ಸುಳ್ಳಲ್ಲ. ಹಾಗಾದರೆ ಪಾಲು ಹೆಚ್ಚಿಸಿ ಅಂತ ಒಟ್ಟಿಗೇ ಕೇಳೋಣ. ಧರ್ಮ ಆರಿಸಿಕೊಳ್ಳೋ ಹಕ್ಕನ್ನ ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ಮಾಡಿ ತೋರಿಸಿದ್ದಾರೆ.

ಮೀಸಲಾತಿ ನಾವು ಉಂಡ ಅವಮಾನಕ್ಕೆ, ಮಾಡೋ ಪ್ರಾರ್ಥನೆಗಲ್ಲ. ನೌಕರಿಯೂ ಬೇಕು, ದೇವರೂ ಬೇಕು. ಅವ್ವನ ನಕ್ಷತ್ರ ಬಾಗಿಲಲ್ಲೇ ಇರಲಿ.

ಜೈ ಭೀಮ್.