ಬಲೆಗೆ ಬಿದ್ದದ್ದು ಹಾವೋ, ಮೀನೋ?



ಮುಂಗಾರಿನ ಹೊಸ ನೀರು ಹಳ್ಳ ತುಂಬಿ ಹರಿಯುವಾಗ ಬಲೆ ಹಾಕುವುದು ನೀವೆಲ್ಲ ಬಲ್ಲ ಸಂಗತಿ. ಬೆಳಿಗ್ಗೆ ಬಲೆ ಎಳೆಯುತ್ತಿರುವಾಗ ಹುಡುಗನೊಬ್ಬ, "ಯಪ್ಪಾ, ಬಲ್ಯಾಗ ಹಾವ ಅದ!" ಎಂದು ಕೂಗುತ್ತಾನೆ. ಕೂಡಲೇ ಬಡಿಗೆ ಮೇಲೇಳುತ್ತದೆ. ಹೊಡೆದು ಚೆಲ್ಲಿದ ಮೇಲೆ ಹಿರಿಯರೊಬ್ಬರು ಬಂದು, "ಹಾವ ಅಲ್ಲೋ ತಮ್ಮಾ, ಮೀನದು" ಎನ್ನುತ್ತಾರೆ. ಒಂದು ಹೊತ್ತಿನ ಸಾರು ಮಣ್ಣುಪಾಲಾಯಿತು. ಇದು ಸಣ್ಣ ನಷ್ಟ. ಮೀನೆಂದು ತಿಳಿದು ಹಾವಿಗೇ ಕೈ ಹಾಕಿದರೆ ಆಗುವ ನಷ್ಟ ಸಣ್ಣದಲ್ಲ. ಅದಕ್ಕಾಗಿ ಇವೆರಡನ್ನೂ ಗುರುತಿಸುವ ಬಗೆಯನ್ನು ಈ ಹೊತ್ತು ತಿಳಿದುಕೊಳ್ಳೋಣ.

ಚಿಂಚೋಳಿಯ ಮುಲ್ಲಾಮಾರಿ ಕಾಗಿಣೆಗೆ ಕೂಡುತ್ತದೆ. ಕಾಗಿಣೆಯು ಸೇಡಂ ತಾಲೂಕಿನ ಮಳಖೇಡದ ಕೋಟೆಯ ಬದಿಯಲ್ಲಿ ಹಾದು, ಚಿತ್ತಾಪುರದ ಸೀಮೆ ದಾಟಿ ಭೀಮೆಯನ್ನು ಸೇರುತ್ತದೆ. ಇಂಥ ನೀರಿನಲ್ಲಿ ಹಾವೆಂಬ ಭ್ರಮೆ ಹುಟ್ಟಿಸುವ ಮೀನುಗಳು ಮುಖ್ಯವಾಗಿ ಎರಡು.

ಮೊದಲನೆಯದು ಕೊರಮೀನು. ಇದರ ತಲೆ ಚಪ್ಪಟೆ; ತಲೆಯ ಮೇಲೆ ಹಾವಿನ ತಲೆಯಂತೆ ದೊಡ್ಡ ದೊಡ್ಡ ಹುರುಪೆಗಳು. ಕಿವಿರಿನ ಜೊತೆಗೆ ಗಾಳಿ ಹೀರುವ ಬೇರೊಂದು ಅಂಗವೂ ಇದಕ್ಕಿದೆ. ಆದ್ದರಿಂದ ಆಗಾಗ್ಗೆ ಮೇಲೆ ಬಂದು ತಲೆ ಹಾಕುತ್ತದೆ. ನೋಡಿದವರು ಹಾವೆನ್ನದೆ ಇನ್ನೇನು ಅಂದಾರು? ಮೇಲೆ ಬರದಂತೆ ತಡೆದರೆ ಈ ಮೀನು ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ! ಮೈ ಒದ್ದೆಯಾಗಿದ್ದರೆ ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ಆ ಕಾರಣದಿಂದಲೇ ಪೇಟೆಯಲ್ಲಿ ಇದನ್ನು ಜೀವಂತವಾಗಿ ಮಾರುತ್ತಾರೆ, ಬೆಲೆಯೂ ಚೆನ್ನಾಗಿ ಸಿಗುತ್ತದೆ. ನೆರೆಯ ತೆಲಂಗಾಣ ಇದನ್ನೇ ತನ್ನ ರಾಜ್ಯಮೀನು ಮಾಡಿಕೊಂಡಿದೆ.

ಎರಡನೆಯದು ಮುಳ್ಳು ಹಾವುಮೀನು. ಸೇಡಂ ಗಡಿಯಾಚೆ ತೆಲುಗಿನವರು ಇದಕ್ಕೆ ಬೊಮ್ಮಿಡಾಯಿ ಎನ್ನುತ್ತಾರೆ. ಮೈ ಹಗ್ಗದಂತೆ ಉದ್ದ, ಬಣ್ಣ ಕಂದು, ಮೂತಿ ಚೂಪು. ಬೆನ್ನಿನ ಮೇಲೆ ಬಿಡಿಬಿಡಿ ಮುಳ್ಳುಗಳ ಸಾಲು. ಹಗಲು ಕಲ್ಲಿನ ಸಂದಿಯಲ್ಲಿ, ಕೆಸರಿನಲ್ಲಿ ಅಡಗಿದ್ದು ರಾತ್ರಿ ಹುಳು-ಹುಪ್ಪಡಿ ತಿನ್ನಲು ಹೊರಡುತ್ತದೆ. ಹಿಡಿದರೆ ಮುಳ್ಳು ಚುಚ್ಚೀತು. ಹಾವಿನಂತೆ ವಿಷ ಮಾತ್ರ ಇಲ್ಲ.

ಇವಲ್ಲದೆ ನಿಜವಾದ ಹಾವುಮೀನು ಒಂದಿದೆ. ಅದು ಹುಟ್ಟುವುದು ಸಮುದ್ರದಲ್ಲಿ. ಮರಿಯಾಗಿ ನದಿ ಹತ್ತಿ ಬಂದು, ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದು, ಮರಿ ಮಾಡಲು ಮತ್ತೆ ಸಮುದ್ರಕ್ಕೇ ಇಳಿಯುತ್ತದೆ. ಬಂಗಾಳ ಕೊಲ್ಲಿಯಿಂದ ಕೃಷ್ಣೆಯ ಮೂಲಕ ಭೀಮೆಗೆ ಬರಬೇಕಾದರೆ ಈಗ ಅದಕ್ಕೆ ವಿಜಯವಾಡದ ಪ್ರಕಾಶಂ ಬ್ಯಾರೇಜು (1957), ನಾಗಾರ್ಜುನ ಸಾಗರ (1967), ಶ್ರೀಶೈಲ, ಜುರಾಲಾ ಇಷ್ಟೆಲ್ಲ ಅಡ್ಡ ನಿಂತಿವೆ. ನಮ್ಮ ಹೊಲಕ್ಕೆ, ದೀಪಕ್ಕೆ ಅಣೆಕಟ್ಟು ಬೇಕು, ನಿಜ. ಆದರೆ ಒಂದು ಮೀನಿನ ಹಾದಿಯೂ ಅದೇ ನೀರಿನಲ್ಲಿದೆ ಎಂಬುದನ್ನು ಮರೆಯಬಾರದು.

ಇನ್ನು ಗುರುತು. ರೆಕ್ಕೆ ಇದ್ದರೆ ಮೀನು. ಕೊರಮೀನಿಗೂ ಮುಳ್ಳು ಹಾವುಮೀನಿಗೂ ತಲೆಯ ಹಿಂದೆ ಕಿವಿರಿನ ಸೀಳು, ಅದರ ಪಕ್ಕ ಎರಡು ರೆಕ್ಕೆ, ಬೆನ್ನಿನ ಮೇಲೆ ಉದ್ದನೆಯ ರೆಕ್ಕೆ ಇರುತ್ತವೆ. ಹಾವಿಗೆ ರೆಕ್ಕೆಯೂ ಇಲ್ಲ, ಕಿವಿರೂ ಇಲ್ಲ. ಮೈ ಲೋಳೆಯಿಲ್ಲದೆ ಒಣಗಿರುತ್ತದೆ, ಸೀಳುನಾಲಗೆ ಚಾಚುತ್ತದೆ. ಬಲೆಗೆ ಹೆಚ್ಚಾಗಿ ಬೀಳುವ ಹಾವು ಚೌಕಳಿ ಮೈಯ ನೀರುಹಾವು. ಸಿಟ್ಟಿನಿಂದ ಕಚ್ಚುತ್ತದೆ, ಆದರೆ ವಿಷವಿಲ್ಲ. ಅದನ್ನೂ ಕೊಲ್ಲಬೇಡಿರಿ, ಉದ್ದನೆಯ ಕೋಲಿನಿಂದ ಬಲೆ ಬಿಡಿಸಿ ಹೋಗಗೊಡಿರಿ.

ನಸುಕಿನಲ್ಲಿ ಗುರುತು ಹತ್ತದಿದ್ದರೆ ಏನು ಮಾಡಬೇಕು? ಹಾವೆಂದೇ ತಿಳಿದು ಕೈ ಹಿಂದೆ ತೆಗೆಯಿರಿ. ದಂಡೆಗೆ ಹೋಗುವಾಗ ಬ್ಯಾಟರಿ ಹಿಡಿದಿರಿ. ಶಹಾಬಾದ್, ವಾಡಿ ಕಡೆ ನೀರು ನಿಂತ ಹಳೆಯ ಕಲ್ಲುಗಣಿಗಳಲ್ಲಂತೂ ಎಚ್ಚರ ಇಮ್ಮಡಿ ಇರಲಿ. ಒಟ್ಟಿದ ಪರ್ಸಿಯ ಸಂದಿಯಲ್ಲಿ ಗರಗಸ ಮಂಡಲದಂಥ ವಿಷದ ಹಾವು ಇದ್ದೀತು. ಕಚ್ಚಿದರೆ ಹಗ್ಗ ಬಿಗಿಯಬೇಡಿರಿ, ಗಾಯ ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಮಂತ್ರಕ್ಕೆ ಕೂತು ಹೊತ್ತು ಕಳೆಯಬೇಡಿರಿ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು ನಮ್ಮ ದೇಶದಲ್ಲಿ ತಯಾರಾಗುತ್ತದೆ. ಆದ್ದರಿಂದ ಹಾವನ್ನು ಹುಡುಕಿ ಹಿಡಿದು ತರುವ ಕೆಲಸವೂ ಬೇಡ.

ಕೊನೆಗೆ ಎರಡು ಮಾತು. ಕೃಷಿಹೊಂಡದಲ್ಲಿ ಕಟ್ಲಾ, ರೋಹು ಮರಿ ಬಿಡುವವರು ಮೊದಲು ಹೊಂಡದಲ್ಲಿ ಕೊರಮೀನು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಇದ್ದರೆ ಮರಿಗಳನ್ನು ನುಂಗಿಬಿಡುತ್ತದೆ. ಕೊರಮೀನನ್ನೇ ಸಾಕುವವರು ಒಂದೇ ಅಳತೆಯ ಮರಿ ಬಿಡಿರಿ. ಇಲ್ಲವಾದರೆ ದೊಡ್ಡದು ಸಣ್ಣದನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಹಳ್ಳದ ಅಂಚಿಗೆ ಕೆಂಪು ಮರಿಗಳ ಹಿಂಡು ಕಂಡರೆ, ಅದರ ಕೆಳಗೆ ತಾಯಿ-ತಂದೆ ಮೀನು ಕಾವಲಿರುತ್ತವೆ. ಆಗ ಗಾಳ ಹಾಕಬೇಡಿರಿ. ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಬಿತ್ತುವ ಬೀಜ ಕುಟ್ಟಿ ತಿಂದ ಒಕ್ಕಲಿಗ ಉಂಟೇ?

ಬಡಿಗೆ ಎತ್ತುವ ಮುನ್ನ ಒಂದು ಗಳಿಗೆ ರೆಕ್ಕೆ ನೋಡಿರಿ. ಕೈ ಹಾಕುವ ಮುನ್ನ ಎರಡು ಗಳಿಗೆ ನೋಡಿರಿ.