ಒಪ್ಪಿಗೆ ಯಾರದು? ವಯಸ್ಸು ಎಷ್ಟು?



ನೆರೆಯ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಿಂದ ಎಷ್ಟೋ ವರ್ಷಗಳಿಂದ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಹಿಂದೂ ಅಥವಾ ಕ್ರೈಸ್ತ ಕುಟುಂಬದ ಒಬ್ಬ ಹುಡುಗಿ ಮನೆಯಿಂದ ಕಾಣೆಯಾಗುತ್ತಾಳೆ. ಕೆಲವೇ ದಿನಗಳಲ್ಲಿ ಅವಳು ಇಸ್ಲಾಂ ಧರ್ಮಕ್ಕೆ ಸೇರಿದಳೆಂದೂ, ಆ ಧರ್ಮದ ಒಬ್ಬ ಪುರುಷನನ್ನು ಮದುವೆಯಾದಳೆಂದೂ ಹೇಳುವ ಎರಡು ಕಾಗದಗಳು ಹೊರಬರುತ್ತವೆ. ತಂದೆತಾಯಿ ಇದು ಅಪಹರಣ ಎನ್ನುತ್ತಾರೆ. ಎದುರು ಪಕ್ಷದವರು ಅವಳ ಸ್ವಂತ ಇಚ್ಛೆ ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಬಿಡಿಸಿ ನೋಡಬೇಕೆಂದಿದ್ದೇನೆ.

ಮೊದಲೇ ಒಂದು ಮಾತು. ಈ ಲೇಖನದಲ್ಲಿ ಯಾವ ಹುಡುಗಿಯ ಹೆಸರೂ ಇಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುವ ನಮಗೆ ಅಪ್ರಾಪ್ತ ವಯಸ್ಸಿನ ಸಂತ್ರಸ್ತರ ಮುಖ ತೋರಿಸಬಾರದು, ಹೆಸರು ಹೇಳಬಾರದು ಎಂಬುದು ಮೊದಲ ಪಾಠ. ಹೆಸರು ತಿಳಿಯದಿದ್ದರೂ ವಿಷಯ ಅರ್ಥವಾಗುತ್ತದೆ.

ಪಾಕಿಸ್ತಾನದ 2023ರ ಜನಗಣತಿಯ ಪ್ರಕಾರ ಆ ದೇಶದ ಸುಮಾರು 24 ಕೋಟಿ ಜನರಲ್ಲಿ ಹಿಂದೂಗಳು, ಪರಿಶಿಷ್ಟ ಜಾತಿಗಳೆಂದು ಬೇರೆಯಾಗಿ ಎಣಿಸಲಾದವರೂ ಸೇರಿ, ಸುಮಾರು 52 ಲಕ್ಷ. ಕ್ರೈಸ್ತರು ಸುಮಾರು 33 ಲಕ್ಷ. ಹಿಂದೂಗಳಲ್ಲಿ ಬಹುಪಾಲು ಜನ ಸಿಂಧ್ ಪ್ರಾಂತ್ಯದಲ್ಲೇ ಇದ್ದಾರೆ. ಥರ್‌ಪಾರ್ಕರ್, ಉಮರ್‌ಕೋಟ್, ಮೀರ್‌ಪುರ್ ಖಾಸ್, ಸಾಂಘರ್, ಘೋಟ್ಕಿ ಮುಂತಾದವು ಅವರಿರುವ ಜಿಲ್ಲೆಗಳು. ಅವರಲ್ಲಿ ವ್ಯಾಪಾರಿಗಳೂ ವೈದ್ಯರೂ ಇದ್ದಾರೆ. ಆದರೆ ಮೇಘವಾರ್, ಕೋಲ್ಹಿ, ಭೀಲ್ ಸಮುದಾಯಗಳ ಬಹಳಷ್ಟು ಜನ ಜಮೀನ್ದಾರರ ಹೊಲದಲ್ಲಿ ದುಡಿಯುವ ಬಡವರು. ಜಮೀನ್ದಾರನಿಂದ ಪಡೆದ ಸಾಲ ತೀರುವುದಿಲ್ಲ. ಸಾಲ ತೀರದೆ ಹೊಲ ಬಿಡುವಂತಿಲ್ಲ. ಇಂಥ ಜೀತದ ಬದುಕಿನಲ್ಲಿರುವ ತಂದೆಯೊಬ್ಬ ಮಗಳು ಕಾಣೆಯಾದಳೆಂದು ಠಾಣೆಗೆ ಹೋದರೆ ಅವನ ಮಾತಿಗೆ ಎಷ್ಟು ತೂಕ ಇರಬಹುದು, ನೀವೇ ಯೋಚಿಸಿ. ಧರ್ಮದ ಜೊತೆಗೆ ಬಡತನ, ಜಾತಿ, ಭೂಮಿಯ ಒಡೆತನ ಎಲ್ಲವೂ ಈ ಸಮಸ್ಯೆಯಲ್ಲಿ ಹೆಣೆದುಕೊಂಡಿವೆ.

ಈಗ ಇಂಥ ಪ್ರಕರಣ ಸಾಮಾನ್ಯವಾಗಿ ಹೇಗೆ ಸಾಗುತ್ತದೆಂದು ನೋಡೋಣ. ಹುಡುಗಿ ಕಾಣೆಯಾದ ಮೇಲೆ ದೂರು ದಾಖಲಾಗುವುದರಲ್ಲೇ ಹಲವು ಸಲ ವಿಳಂಬವಾಗುತ್ತದೆ. ಅಷ್ಟರಲ್ಲಿ ಒಂದು ಮದರಸಾ ಅಥವಾ ದರ್ಗಾದಿಂದ ಮತಾಂತರದ ಪ್ರಮಾಣಪತ್ರವೂ, ಮದುವೆಯ ಕರಾರುಪತ್ರವಾದ ನಿಕಾಹ್‌ನಾಮೆಯೂ ಸಿದ್ಧವಾಗಿರುತ್ತವೆ. ಬಳಿಕ ಹುಡುಗಿಯ ಹೆಸರಿನಲ್ಲೇ ನ್ಯಾಯಾಲಯಕ್ಕೆ ಅರ್ಜಿ ಹೋಗುತ್ತದೆ: 'ನನ್ನ ತಂದೆತಾಯಿಯಿಂದ ನನಗೆ ರಕ್ಷಣೆ ಕೊಡಿ'. ನ್ಯಾಯಾಧೀಶರು ಅವಳನ್ನು ಕೇಳುತ್ತಾರೆ. ಅವಳು ಸ್ವಇಚ್ಛೆಯಿಂದ ಬಂದೆ ಎನ್ನುತ್ತಾಳೆ. ಹಲವು ಪ್ರಕರಣಗಳು ಅಲ್ಲಿಗೇ ಮುಗಿದುಹೋಗಿವೆ.

ಆದರೆ ಅಷ್ಟು ದಿನ ಅವಳು ಯಾರ ಮನೆಯಲ್ಲಿದ್ದಳು? ಯಾರ ಜೊತೆ ನ್ಯಾಯಾಲಯಕ್ಕೆ ಬಂದಳು? ಹೊರಗೆ ನಿಂತ ಗುಂಪು ಯಾರದು? ಮರಳಿ ಹೋದರೆ ತನ್ನವರಿಗೆ ಏನಾದೀತು ಎಂಬ ಭಯ ಅವಳಿಗಿದೆಯೇ? ಒಪ್ಪಿಗೆ ಎಂಬುದು ಬಾಯಿಂದ ಬಂದ ಮಾತಷ್ಟೇ ಅಲ್ಲ. ಬೇರೆ ಮಾತು ಹೇಳುವ ಸ್ವಾತಂತ್ರ್ಯ ಇದ್ದಾಗ ಹೇಳಿದ ಮಾತು ಮಾತ್ರ ಒಪ್ಪಿಗೆ.

ಇದಕ್ಕೊಂದು ಉದಾಹರಣೆ. 2020ರಲ್ಲಿ ಕರಾಚಿಯ ಒಬ್ಬ ಕ್ರೈಸ್ತ ಬಾಲಕಿಯ ಪ್ರಕರಣ ಇಡೀ ದೇಶದ ಗಮನ ಸೆಳೆಯಿತು. ತಂದೆತಾಯಿ ತೋರಿಸಿದ ದಾಖಲೆಗಳ ಪ್ರಕಾರ ಅವಳಿಗೆ 13 ವರ್ಷ. ಮದುವೆಯ ಪತ್ರದಲ್ಲಿ 18. ಮದುವೆಯಾದವನಿಗೆ 44. ಸಿಂಧ್ ಉಚ್ಚ ನ್ಯಾಯಾಲಯ ಮೊದಲು ಅವಳ ಹೇಳಿಕೆಯನ್ನು ನಂಬಿ ಗಂಡನ ಕಡೆಗೇ ರಕ್ಷಣೆ ಕೊಟ್ಟಿತು. ಇದಕ್ಕೆ ವ್ಯಾಪಕ ಪ್ರತಿಭಟನೆ ನಡೆಯಿತು. ನವೆಂಬರಿನಲ್ಲಿ ವೈದ್ಯಕೀಯ ಮಂಡಳಿ ಅವಳ ವಯಸ್ಸು 14ರಿಂದ 15 ಎಂದು ವರದಿ ಕೊಟ್ಟಿತು. ಅವಳು ಅಪ್ರಾಪ್ತೆ ಎಂದು ನಿರ್ಣಯಿಸಿದ ನ್ಯಾಯಾಲಯ ಅವಳನ್ನು ಆಶ್ರಯಧಾಮಕ್ಕೆ ಕಳುಹಿಸಿತು. 2020ರಲ್ಲಿ ಗಂಡನ ಜೊತೆಗಿರುತ್ತೇನೆ ಎಂದಿದ್ದ ಆ ಬಾಲಕಿ ಆಶ್ರಯಧಾಮದಲ್ಲಿ ಒಂದು ವರ್ಷ ಕಳೆದ ಮೇಲೆ ತಂದೆತಾಯಿಯ ಬಳಿಗೆ ಹೋಗಬೇಕೆಂದು ತಾನೇ ಕೇಳಿಕೊಂಡಳು. 2021ರ ಕೊನೆಯಲ್ಲಿ ನ್ಯಾಯಾಲಯ ಅದಕ್ಕೆ ಅವಕಾಶ ಕೊಟ್ಟಿತು. ಸ್ಥಳ ಬದಲಾಯಿತು, ಕಾಲ ಸಿಕ್ಕಿತು, ಮಾತು ಬದಲಾಯಿತು.

ಹಾಗಾದರೆ ಎಲ್ಲ ಪ್ರಕರಣಗಳೂ ಹೀಗೆಯೇ? ಇಲ್ಲ. 2019ರಲ್ಲಿ ಘೋಟ್ಕಿ ಜಿಲ್ಲೆಯ ಇಬ್ಬರು ಸಹೋದರಿಯರ ಪ್ರಕರಣದಲ್ಲಿ ಇಸ್ಲಾಮಾಬಾದ್ ಉಚ್ಚ ನ್ಯಾಯಾಲಯ ಒಂದು ಸಮಿತಿಯನ್ನೇ ರಚಿಸಿತು. ಅವರು ವಯಸ್ಕರು, ಬಲವಂತ ನಡೆದಿಲ್ಲ ಎಂಬ ತೀರ್ಮಾನಕ್ಕೆ ಬಂದಿತು. ವಯಸ್ಕ ಹೆಣ್ಣೊಬ್ಬಳು ತನ್ನ ಧರ್ಮವನ್ನೂ ಗಂಡನನ್ನೂ ತಾನೇ ಆರಿಸಿಕೊಂಡರೆ, ತಂದೆತಾಯಿಗೆ ಎಷ್ಟೇ ನೋವಾದರೂ, ಅದು ಅವಳ ಹಕ್ಕು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 18ನೆಯ ವಿಧಿ ಧರ್ಮ ಬದಲಿಸುವ ಸ್ವಾತಂತ್ರ್ಯವನ್ನು ಒಪ್ಪುತ್ತದೆ. ಅದೇ ಘೋಷಣೆಯ 16ನೆಯ ವಿಧಿ ವಧೂವರರಿಬ್ಬರ ಪೂರ್ಣ ಹಾಗೂ ಮುಕ್ತ ಒಪ್ಪಿಗೆಯಿಲ್ಲದೆ ಮದುವೆಯಿಲ್ಲ ಎನ್ನುತ್ತದೆ. ಇವೆರಡನ್ನೂ ಜೊತೆಗೇ ಓದಬೇಕು. ಹೆಣ್ಣು ಒಂದು ಸಮುದಾಯದ ಸೊತ್ತಲ್ಲ. ಕಸಿದುಕೊಂಡವರದೂ ಅಲ್ಲ, ಕಳೆದುಕೊಂಡವರದೂ ಅಲ್ಲ.

ಆದ್ದರಿಂದ ಎಲ್ಲಕ್ಕೂ ಮೊದಲು ತಿಳಿಯಬೇಕಾದದ್ದು ವಯಸ್ಸು. ನಾನು ಓದಿದ್ದು ವಿಜ್ಞಾನವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜನನ ನೋಂದಣಿ ಇಲ್ಲದಿದ್ದರೆ ನ್ಯಾಯಾಲಯ ವೈದ್ಯರನ್ನು ಕೇಳುತ್ತದೆ. ವೈದ್ಯರು ಮಣಿಕಟ್ಟು, ಮೊಣಕೈ ಮುಂತಾದ ಕೀಲುಗಳ ಎಕ್ಸ್-ರೇ ತೆಗೆಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ವಯಸ್ಸಾದಂತೆ ಅದು ಗಟ್ಟಿಯಾಗಿ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ. ಬೆಸುಗೆ ಎಷ್ಟಾಗಿದೆ ಎಂಬುದರಿಂದ ವಯಸ್ಸನ್ನು ಅಂದಾಜು ಮಾಡುತ್ತಾರೆ.

ಅಂದಾಜು ಎಂಬ ಪದವನ್ನು ಗಮನಿಸಿ. ಹೆಣ್ಣುಮಕ್ಕಳಲ್ಲಿ ಈ ಬೆಸುಗೆ ಗಂಡುಮಕ್ಕಳಿಗಿಂತ ಬೇಗ ಆಗುತ್ತದೆ. ಆಹಾರ, ಆರೋಗ್ಯ, ವಂಶಗುಣ ಎಲ್ಲವೂ ಅದರ ಮೇಲೆ ಪರಿಣಾಮ ಬೀರುತ್ತವೆ. ಮಣಿಕಟ್ಟಿನ ಎಕ್ಸ್-ರೇ ಹೋಲಿಸಲು ಜಗತ್ತಿನಾದ್ಯಂತ ಬಳಸುವ ಗ್ರೂಲಿಕ್ ಮತ್ತು ಪೈಲ್ ಅವರ ಚಿತ್ರಸಂಪುಟ ಅಮೆರಿಕದ ಅನುಕೂಲಸ್ಥ ಬಿಳಿಯ ಮಕ್ಕಳನ್ನು ಅಭ್ಯಸಿಸಿ ಮಾಡಿದ್ದು. ಥರ್ ಮರುಭೂಮಿಯ ಬಡ ಹುಡುಗಿಗೆ ಅದು ಎಷ್ಟರಮಟ್ಟಿಗೆ ಹೊಂದೀತು? ಭಾರತದ ಸರ್ವೋಚ್ಚ ನ್ಯಾಯಾಲಯವೂ 1982ರ ಒಂದು ತೀರ್ಪಿನಲ್ಲಿ ಇಂಥ ಪರೀಕ್ಷೆಯಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ಹೇಳಿದೆ. ಅಂದರೆ ಪರೀಕ್ಷೆ 17 ಎಂದರೆ ಹುಡುಗಿಗೆ 15 ಆಗಿರಬಹುದು, 19 ಕೂಡ ಆಗಿರಬಹುದು. ಅವಳ ಇಡೀ ಬದುಕು ಆ ನಾಲ್ಕು ವರ್ಷಗಳ ಅಂತರದಲ್ಲಿ ಸಿಕ್ಕಿಕೊಂಡಿರುತ್ತದೆ. ಹುಟ್ಟಿದ ದಿನವೇ ಬರೆದಿಟ್ಟ ಒಂದು ಸಾಲಿನ ದಾಖಲೆ ಯಾವ ಎಕ್ಸ್-ರೇಗಿಂತಲೂ ಹೆಚ್ಚು ನಂಬಿಕೆಗೆ ಅರ್ಹ.

ಇನ್ನು ಕಾನೂನಿನ ಕಡೆ ಬರೋಣ. 1929ರಲ್ಲಿ ಅವಿಭಜಿತ ಭಾರತದಲ್ಲಿ ಬಾಲ್ಯವಿವಾಹ ನಿರ್ಬಂಧ ಕಾಯಿದೆ ಬಂದಿತು. ಹರಬಿಲಾಸ್ ಶಾರದಾ ಅವರ ಹೆಸರಿನಿಂದ ನೀವು ಅದನ್ನು ಶಾರದಾ ಕಾಯಿದೆ ಎಂದು ಪಠ್ಯದಲ್ಲಿ ಓದಿದ್ದೀರಿ. 1947ರಲ್ಲಿ ದೇಶ ಎರಡಾದಾಗ ಆ ಒಂದೇ ಕಾಯಿದೆ ಎರಡೂ ಕಡೆ ಉಳಿಯಿತು. ಪಾಕಿಸ್ತಾನ 1961ರಲ್ಲಿ ಹುಡುಗಿಯರ ಮದುವೆಯ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿತು. ಭಾರತ 1978ರಲ್ಲಿ 18ಕ್ಕೆ ಏರಿಸಿತು. ಸಿಂಧ್ ಪ್ರಾಂತ್ಯ ತನ್ನದೇ ಆದ ಬಾಲ್ಯವಿವಾಹ ನಿರ್ಬಂಧ ಕಾಯಿದೆಯ ಮೂಲಕ ಹುಡುಗ, ಹುಡುಗಿ ಇಬ್ಬರಿಗೂ 18 ಎಂದು ಗೊತ್ತುಪಡಿಸಿತು. ಅಲ್ಲಿಯ ವಿಧಾನಸಭೆ ಅದನ್ನು 2014ರಲ್ಲಿ ಅಂಗೀಕರಿಸಿತು. ಪಾಕಿಸ್ತಾನದಲ್ಲಿ ಈ ಹೆಜ್ಜೆಯಿಟ್ಟ ಮೊದಲ ಪ್ರಾಂತ್ಯ ಅದು. ರಾಜಧಾನಿ ಇಸ್ಲಾಮಾಬಾದಿಗೆ ಇಂಥದೇ ಕಾಯಿದೆ 2025ರಲ್ಲಿ ಬಂದಿತು.

ಹಾಗಾದರೆ ತೊಡಕು ಎಲ್ಲಿ? ಸಿಂಧ್ ಕಾಯಿದೆ ಬಾಲ್ಯವಿವಾಹ ಮಾಡಿಸಿದವರನ್ನು ಶಿಕ್ಷಿಸುತ್ತದೆ. ಆದರೆ ಆ ಮದುವೆ ಅನೂರ್ಜಿತ ಎಂದು ಹೇಳುವುದಿಲ್ಲ. ಹುಡುಗಿ ಪ್ರಾಯಕ್ಕೆ ಬಂದಿದ್ದರೆ ಮದುವೆ ಸಿಂಧು ಎಂಬ ಧಾರ್ಮಿಕ ನಿಯಮದ ವಾದವನ್ನು ಕೆಲವು ನ್ಯಾಯಾಲಯಗಳು ಎತ್ತಿಹಿಡಿದಿವೆ. ಕರ್ನಾಟಕದ ಓದುಗರು ಇಲ್ಲಿ ಒಂದು ಸಂಗತಿ ತಿಳಿದಿರಬೇಕು. ನಮ್ಮ ದೇಶದ 2006ರ ಕಾಯಿದೆಯಲ್ಲೂ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿ ರದ್ದಾಗುವುದಿಲ್ಲ. ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, 2017ರಿಂದ ಇಲ್ಲಿ ನಡೆಯುವ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಮಾಡಿದೆ. ಕಾಯಿದೆಯ ಒಂದು ಪದದಿಂದ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ.

ಮತಾಂತರದ ಬಗೆಗೂ ಸಿಂಧ್ ವಿಧಾನಸಭೆ 2016ರ ನವೆಂಬರಿನಲ್ಲಿ ಒಂದು ಮಸೂದೆಯನ್ನು ಅಂಗೀಕರಿಸಿತ್ತು. ನಂದ್ ಕುಮಾರ್ ಗೋಕ್ಲಾನಿ ಎಂಬ ಶಾಸಕರು ಮಂಡಿಸಿದ್ದ ಮಸೂದೆ ಅದು. 18 ವರ್ಷದೊಳಗಿನವರ ಮತಾಂತರಕ್ಕೆ ಮಾನ್ಯತೆ ಇಲ್ಲ, ವಯಸ್ಕರಿಗೆ ಯೋಚಿಸಲು 21 ದಿನಗಳ ಕಾಲಾವಕಾಶ ಎಂಬುದು ಅದರ ತಿರುಳು. ಧಾರ್ಮಿಕ ಪಕ್ಷಗಳು ಪ್ರತಿಭಟಿಸಿದವು. ರಾಜ್ಯಪಾಲರ ಅಂಕಿತ ಬೀಳಲಿಲ್ಲ. ಕೇಂದ್ರ ಮಟ್ಟದಲ್ಲಿ ಬಂದ ಇಂಥದೇ ಮಸೂದೆಯನ್ನು 2021ರ ಅಕ್ಟೋಬರಿನಲ್ಲಿ ಸಂಸದೀಯ ಸಮಿತಿ ತಿರಸ್ಕರಿಸಿತು. ಆದರೆ ಎಲ್ಲ ಬಾಗಿಲೂ ಮುಚ್ಚಿಲ್ಲ. ಹಿಂದೂ ಮದುವೆಗಳ ನೋಂದಣಿಗೆ ಸಿಂಧ್ 2016ರಲ್ಲಿ, ಪಾಕಿಸ್ತಾನದ ಸಂಸತ್ತು 2017ರಲ್ಲಿ ಕಾಯಿದೆ ಮಾಡಿದವು. ಅದಕ್ಕೆ ಮೊದಲು ಅಪಹೃತಳಾದ ಹಿಂದೂ ಗೃಹಿಣಿಗೆ ತಾನು ವಿವಾಹಿತೆ ಎಂದು ಸಾಬೀತುಪಡಿಸಲು ಸರಿಯಾದ ಕಾಗದವೇ ಇರುತ್ತಿರಲಿಲ್ಲ.

ಅಂಕಿಅಂಶಗಳ ವಿಷಯದಲ್ಲಿ ಎಚ್ಚರವಿರಲಿ. ವರ್ಷಕ್ಕೆ ಸಾವಿರ ಪ್ರಕರಣ ಎಂಬ ಮಾತನ್ನು ನೀವು ಕೇಳಿರಬಹುದು. ಅದು ಅಂದಾಜು, ಎಣಿಕೆಯಲ್ಲ. ಲಾಹೋರಿನ ಸೆಂಟರ್ ಫಾರ್ ಸೋಷಿಯಲ್ ಜಸ್ಟಿಸ್ ಸಂಸ್ಥೆ 2013ರಿಂದ 2020ರವರೆಗೆ ಪತ್ರಿಕೆಗಳಲ್ಲಿ ವರದಿಯಾದ ಸಂಶಯಾಸ್ಪದ ಮತಾಂತರಗಳನ್ನು ಎಣಿಸಿದಾಗ ಸಿಕ್ಕಿದ್ದು 162. ಎಣಿಕೆಗೆ ಸಿಕ್ಕಿದ್ದು ವರದಿಯಾದದ್ದು ಮಾತ್ರ. ಠಾಣೆಯವರೆಗೂ ಬಾರದ ತಂದೆಯ ಲೆಕ್ಕ ಅದರಲ್ಲಿಲ್ಲ. ಎರಡು ಸಂಖ್ಯೆಗಳನ್ನೂ ಅವು ಏನೆಂದು ತಿಳಿದೇ ಬಳಸಬೇಕು. ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು 2023ರಲ್ಲೂ 2024ರಲ್ಲೂ ಈ ಬಗ್ಗೆ ಕಳವಳ ವ್ಯಕ್ತಪಡಿಸಿ ಹೇಳಿಕೆ ನೀಡಿದ್ದಾರೆ.

ಇದನ್ನೆಲ್ಲ ಓದಿ ಒಂದು ಇಡೀ ಧರ್ಮದವರ ಮೇಲೆ ಸಿಟ್ಟು ತಾಳುವುದು ಸುಲಭ. ಆದರೆ ಅಲ್ಲಿ ಈ ಅನ್ಯಾಯದ ವಿರುದ್ಧ ನಿಂತವರು ಯಾರೆಂದೂ ತಿಳಿಯಿರಿ. ವಕೀಲೆ ಅಸ್ಮಾ ಜಹಾಂಗೀರ್ ತಾವು ಬದುಕಿದ್ದ 2018ರವರೆಗೂ ಅಲ್ಪಸಂಖ್ಯಾತರ ಪರ ವಾದಿಸಿದರು. 2014ರಲ್ಲಿ ಮುಖ್ಯ ನ್ಯಾಯಮೂರ್ತಿ ತಸದ್ದುಕ್ ಹುಸೇನ್ ಜಿಲಾನಿ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ ಮಹತ್ವದ ತೀರ್ಪು ಕೊಟ್ಟರು. ಬಾಲ್ಯದಲ್ಲಿ ಮನೆಯವರೊಂದಿಗೆ ಜಮೀನ್ದಾರನ ಸೆರೆಯಲ್ಲಿ ಜೀತ ಮಾಡಿದ್ದ, 16ನೆಯ ವಯಸ್ಸಿಗೇ ಮದುವೆಯಾದ ಥರ್‌ಪಾರ್ಕರಿನ ಕೃಷ್ಣಾ ಕುಮಾರಿ ಕೋಲ್ಹಿ ಮದುವೆಯ ನಂತರವೂ ಓದಿದರು. 2018ರಲ್ಲಿ ಪಾಕಿಸ್ತಾನದ ಸೆನೆಟ್ ಸದಸ್ಯೆಯಾದರು.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿರುವ ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗಳನ್ನು ಹೊರತೆಗೆದು ಹುಟ್ಟಿದ ತಾರೀಖು ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ತಂಗಿಯದನ್ನೂ ನೋಡಿ. ಮನೆಗೆಲಸಕ್ಕೆ ಬರುವವರ ಮಗಳಿಗೆ ಆ ಕಾಗದ ಇದೆಯೇ ಎಂದೂ ವಿಚಾರಿಸಿ; ಇಲ್ಲದಿದ್ದರೆ ಮಾಡಿಸಲು ನೆರವಾಗಿ. ನಿಮ್ಮ ತರಗತಿಯ ಹುಡುಗಿಯೊಬ್ಬಳಿಗೆ 18 ತುಂಬುವ ಮೊದಲೇ ಮದುವೆ ಗೊತ್ತಾಗಿದೆಯೆಂದು ತಿಳಿದರೆ, ಅವಳು ಯಾವ ಜಾತಿ, ಯಾವ ಧರ್ಮ ಎಂದು ನೋಡದೆ 1098ಕ್ಕೆ ದೂರವಾಣಿ ಮಾಡಿ.