ಮೀನಿಗಿಂತ ಮೊದಲು ನೀರಿನ ದಾರಿ

ಮಕ್ಕಳೇ, ಗಡಹಿಂಗ್ಲಜದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಆಂಬೋಲಿ ಘಟ್ಟದಲ್ಲಿ, ಮಹಾದೇವನ ಗುಡಿಯ ಹತ್ತಿರ. ಅಲ್ಲಿಯ ಕುಂಡ ತುಂಬಿ ಹೊರಟ ನೀರು ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಕೊನೆಗೆ ಘಟಪ್ರಭೆಯನ್ನು ಸೇರುತ್ತದೆ. ಆ ಕುಂಡದ ಒಂದು ಪುಟ್ಟ ಮೀನು ಹೊಸ ಜಾತಿಯದು ಎಂದು ಸಂಶೋಧಕರು 2020ರಲ್ಲಿ ತಿಳಿಸಿದರು. ‘ಸ್ಕಿಸ್ಟುರಾ ಹಿರಣ್ಯಕೇಶಿ’ ಎಂದು ನದಿಯ ಹೆಸರನ್ನೇ ಅದಕ್ಕೆ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು.

ಅಂಥ ಮೀನನ್ನು ಯಾರೂ ಹಿಡಿದು ಮನೆಗೆ ತರಬಾರದು. ಅದು ಇರುವ ನೀರನ್ನು ಮಾತ್ರ ಮನಸ್ಸಿಟ್ಟು ನೋಡಬೇಕು. ಅಲ್ಲಿ ಹೊಸ ನೀರು ಬರುತ್ತಲೇ ಇರುತ್ತದೆ, ಹಳೆಯದು ಹೋಗುತ್ತಲೇ ಇರುತ್ತದೆ. ಪೇಟೆಯಿಂದ ಗಪ್ಪಿ ಮೀನು ತಂದು ಗಾಜಿನ ತೊಟ್ಟಿಗೆ ಬಿಟ್ಟರೆ ಆ ಹರಿವು ಎಲ್ಲಿಂದ ಬರಬೇಕು? ಅದನ್ನು ನಾವೇ ಮಾಡಿಕೊಡಬೇಕು.

ಮೀನು ತನ್ನ ಕಿವಿರಿನಿಂದ ಅಮೋನಿಯವನ್ನು ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿದ್ದರೂ ಇದರಿಂದ ಮೀನು ಸಾಯಬಹುದು. ಇಲ್ಲಿ ನಮಗೆ ನೆರವಾಗುವವು ಬ್ಯಾಕ್ಟೀರಿಯಗಳು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಕಾಟ ಬಹಳ ಕಡಿಮೆ. ಈ ಜೀವಿಗಳನ್ನು ಬೇರ್ಪಡಿಸಿ ಅವುಗಳ ಕೆಲಸವನ್ನು ತೋರಿಸಿಕೊಟ್ಟವರು ರಷ್ಯದ ವಿಜ್ಞಾನಿ ವಿನೊಗ್ರಾಡ್ಸ್ಕಿ, ಸುಮಾರು 1890ರಲ್ಲಿ. ಫಿಲ್ಟರ್ ಎಂದರೆ ಕಸ ಹಿಡಿಯುವ ಸ್ಪಂಜು ಅಷ್ಟೇ ಅಲ್ಲ, ಈ ಜೀವಿಗಳ ಮನೆಯೂ ಹೌದು. ಅವಕ್ಕೂ ಉಸಿರಾಡಲು ಆಮ್ಲಜನಕ ಬೇಕು. ಆದ್ದರಿಂದ ಹರಿವು ನಿಲ್ಲಬಾರದು.

ಈಗ ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ. ಮೇಲೆ ಮೀನಿನ ತೊಟ್ಟಿ, ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿ ಬರೆಯಿರಿ. ಕೆಳಗಿನದಕ್ಕೆ ಸಂಪು ಎನ್ನೋಣ. ಮೇಲಿನಿಂದ ತುಂಬಿ ಬಂದ ನೀರು ಪೈಪಿನಲ್ಲಿ ತಾನೇ ಇಳಿದು ಸಂಪಿಗೆ ಬರುತ್ತದೆ. ಅಲ್ಲಿ ಮೊದಲು ದಪ್ಪ ಸ್ಪಂಜು, ಆಮೇಲೆ ಸಣ್ಣ ರಂಧ್ರದ ಸ್ಪಂಜು, ಅದರ ಮುಂದೆ ಬ್ಯಾಕ್ಟೀರಿಯ ಕೂರಲು ಸೆರಾಮಿಕ್ ಉಂಗುರಗಳು, ಕೊನೆಗೆ ಪಂಪು. ಕಸ ಮೊದಲೇ ತಡೆದರೆ ಉಂಗುರಗಳ ರಂಧ್ರ ಮುಚ್ಚುವುದಿಲ್ಲ. ಇಳಿಯುವ ಪೈಪು ಏರುವ ಪೈಪಿಗಿಂತ ದಪ್ಪ ಇರಲಿ. ಏರುವ ನೀರನ್ನು ಪಂಪು ತಳ್ಳುತ್ತದೆ. ಇಳಿಯುವ ನೀರಿಗೆ ತನ್ನ ಭಾರವೊಂದೇ ಬಲ.

60 ಸೆಂ.ಮೀ. ಉದ್ದ, 30 ಅಗಲ, 30 ಆಳದ ತೊಟ್ಟಿಯಲ್ಲಿ 54,000 ಘನ ಸೆಂ.ಮೀ., ಅಂದರೆ 54 ಲೀಟರ್ ಹಿಡಿಯುತ್ತದೆ. ತಾಸಿಗೆ ನಾಲ್ಕು ಸಲ ನೀರು ತಿರುಗಬೇಕೆಂದರೆ 216 ಲೀಟರ್. ಆದರೆ ನೀರನ್ನು ಮೇಲಕ್ಕೆ ಏರಿಸುವಾಗ ಪಂಪಿನ ಹರಿವು ತಗ್ಗುತ್ತದೆ. ಡಬ್ಬಿಯ ಮೇಲೆ ಬರೆದ ಕೊನೆಯ ಎತ್ತರಕ್ಕೆ ಹೋದರೆ ಒಂದು ಹನಿಯೂ ಬರುವುದಿಲ್ಲ. ಆದ್ದರಿಂದ ಬೇಕಾದದ್ದಕ್ಕಿಂತ ದೊಡ್ಡ ಪಂಪನ್ನೇ ಆರಿಸಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ: ಕರೆಂಟು ಹೋದಾಗ ಏನಾಗುತ್ತದೆ? ಪಂಪು ನಿಂತ ಕೂಡಲೇ ಏರುವ ಪೈಪಿನ ನೀರು ಹಿಂದಕ್ಕೆ ಇಳಿಯಲು ಶುರುವಾಗುತ್ತದೆ. ಪೈಪಿನ ಬಾಯಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದರೆ ತೊಟ್ಟಿಯ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಇದೇ ಸೈಫನ್. ಬಾಯಿ 15 ಸೆಂ.ಮೀ. ಆಳದಲ್ಲಿದ್ದರೆ ಲೆಕ್ಕ ಹಾಕಿ: 60 × 30 × 15, ಅಂದರೆ 27 ಲೀಟರ್. ಸಂಪು ತುಂಬಿ ಚೆಲ್ಲಿ, ಮನೆಯೆಲ್ಲ ನೀರು! ಇದಕ್ಕೆ ಪರಿಹಾರ ಬಹಳ ಸಣ್ಣದು. ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಆ ಪೈಪಿಗೆ ಒಂದು ತೂತು. ನೀರು ಅಲ್ಲಿಗೆ ಇಳಿದ ಕೂಡಲೇ ತೂತಿನಿಂದ ಗಾಳಿ ಒಳಗೆ ನುಗ್ಗಿ ಸೈಫನ್ ತುಂಡಾಗುತ್ತದೆ. ತೂತಿನಲ್ಲಿ ಪಾಚಿ ಕಟ್ಟದಂತೆ ಆಗಾಗ ನೋಡಬೇಕು. ಇಳಿದು ಬರುವ ನೀರಿಗಾಗಿ ಸಂಪಿನಲ್ಲಿ ಜಾಗ ಖಾಲಿ ಬಿಟ್ಟಿರಲೇಬೇಕು. ಮೀನು ತರುವ ಮೊದಲೇ, ದೊಡ್ಡವರು ಪಕ್ಕದಲ್ಲಿದ್ದಾಗ, ಸ್ವಿಚ್ ಆರಿಸಿ ಪರೀಕ್ಷಿಸಿ. ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ. ಆಗ ವೈರಿನ ಗುಂಟ ಬಂದ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಸ್ಪಂಜನ್ನು ನಳದ ನೀರಿನಲ್ಲಿ ತೊಳೆಯಬೇಡಿ, ಅದರ ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನೈಟ್ರೇಟ್ ಮಾತ್ರ ತೊಟ್ಟಿಯಲ್ಲಿ ಉಳಿಯುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಗಿಡಗಳಿಗೆ ಹಾಕಿ, ಅವಕ್ಕೆ ಅದು ಗೊಬ್ಬರ. ಕೊಲ್ಹಾಪುರದ ರಂಕಾಳಾ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದೂ ಇಂಥ ಪೋಷಕಗಳಿಂದಲೇ. ಊರಿನ ಕೊಳಚೆಯ ಜೊತೆ ಅವು ಕೆರೆಗೆ ಇಳಿದಿದ್ದವು.

ಬ್ಯಾಕ್ಟೀರಿಯ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀರು ತುಂಬಿದ, ಮೀನಿಲ್ಲದ ತೊಟ್ಟಿಯಲ್ಲೇ ಪಂಪು ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅಂಗಡಿಯಲ್ಲಿ ಸಿಗುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೀನು ತರಬಹುದು. ಮೊದಲು ಎರಡೋ ಮೂರೋ ಸಾಕು. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಸೊನ್ನೆಯೇ ಇದ್ದರೆ ಇನ್ನೆರಡು ತನ್ನಿ.